ಕಾನ್ಸಾಸಿನಲ್ಲಿ ಬಡಿಸಲಿ ಎಂದು ಕಾದದ್ದು

ಕುರುಗೋಡು, ಹೊರಡುವ ಮುನ್ನ

ನಾನು ಅಮೆರಿಕಕ್ಕೆ ಹೋದದ್ದು ಉಪ್ಪಿಟ್ಟಿನ ಕೆಲಸಕ್ಕೆ. ಹೀಗೆಂದರೆ ಬಳ್ಳಾರಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಡಾಕ್ಟರರು ಹೋಗುತ್ತಾರೆ, ಇಂಜಿನಿಯರರು ಹೋಗುತ್ತಾರೆ, ಕುರುಗೋಡಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಯಾಕೆ ಹೋಗಬೇಕು? ಶಿಕ್ಷಕರನ್ನು ಆರು ವಾರ ಪರದೇಶದ ಶಾಲೆ ನೋಡಲು ಕಳಿಸುವ ಯೋಜನೆಯೊಂದು ಬಂತು, ಇಂಗ್ಲಿಷ್ ಬರುವವರು ಅರ್ಜಿ ಹಾಕಿ ಎಂದರು, ಹಾಕಿದೆ, ಮರೆತುಬಿಟ್ಟೆ. ಒಂದು ದಿನ ಟಪಾಲಿನಲ್ಲಿ ಆದೇಶ ಬಂತು. ನನ್ನನ್ನೇ ಯಾಕೆ ಆರಿಸಿದರೆಂದು ಇವತ್ತಿಗೂ ತಿಳಿದಿಲ್ಲ.

ಅದು ಎಪ್ಪತ್ತರ ದಶಕ. ನಮ್ಮ ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಿದ್ದೆವು. ಅದರ ಗೋಧಿ ನುಚ್ಚು ಅಮೆರಿಕದ್ದು. ಹಡಗಿನಲ್ಲಿ ಬಂದು, ಲಾರಿಯಲ್ಲಿ ಬಳ್ಳಾರಿಯ ಗೋದಾಮಿಗೆ ಸೇರಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ನಮ್ಮ ಶಾಲೆಗೆ ಬರುತ್ತಿತ್ತು. ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಸೌದೆ, ಉಪ್ಪು, ಅಡಿಗೆಯವಳ ಸಂಬಳ ಮಾತ್ರ ನಮ್ಮ ಸರ್ಕಾರದ್ದು.

ಅಡಿಗೆಯವಳು ಹುಸೇನ್‌ಬಿ. ಟೇಲರ್ ಮನೆತನದ ಹೆಂಗಸು. ಮಾತು ಕಡಿಮೆ, ಸೌಟು ಜೋರು. ಮೊದಲ ವರ್ಷ ಕೆಲವು ತಾಯಂದಿರು ಮಕ್ಕಳಿಗೆ ರೊಟ್ಟಿ ಕಟ್ಟಿ ಕಳಿಸಿ, ಆಕೆಯ ಕೈಯದು ಉಣ್ಣಬೇಡಿ ಎಂದು ಹೇಳಿದ್ದರು. ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಯ ವಾಸನೆ ಎರಡು ತಿಂಗಳಲ್ಲಿ ಆ ಮಕ್ಕಳನ್ನೂ ಎಳೆದು ತಂದಿತು. ಎಲ್ಲರೂ ಅಂಗಳದಲ್ಲಿ ಒಂದೇ ಸಾಲಾಗಿ ಕೂರುತ್ತಿದ್ದರು, ಮುಂದೆ ತಮ್ಮ ತಮ್ಮ ಮನೆಯ ತಟ್ಟೆ. ಕೊನೆಯ ತಟ್ಟೆಗೆ ಬೀಳುವ ತನಕ ಮೊದಲನೆಯವರು ಕೈ ಹಚ್ಚುವಂತಿಲ್ಲ. ಇದನ್ನು ನಾನು ಕಲಿಸಿದ್ದಲ್ಲ. ಮಠದಲ್ಲಿ, ಮದುವೆಯಲ್ಲಿ, ಉರುಸಿನಲ್ಲಿ ಕೂತು ಕೂತು ಮಕ್ಕಳಿಗೆ ತಾನಾಗಿ ಬಂದದ್ದು.

ಹೊರಡುವ ವಾರ ಇಲಾಖೆಯ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಒಳ್ಳೆಯ ಮನುಷ್ಯ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳುವಾಗ ಅವರ ಮುಖ ಸಣ್ಣಗಾಗುತ್ತಿತ್ತು.

"ಮೇಡಂ, ಇನ್ನ ಮ್ಯಾಲೆ ನುಚ್ಚು ಅರ್ಧಾನ ಬರ್ತೈತಿ. ಬಡವ್ರು ಯಾರು ಅಂತ ಒಂದು ಪಟ್ಟಿ ಮಾಡ್ರಿ. ಆ ಮಕ್ಕಳಿಗಷ್ಟ ಹಾಕ್ರಿ," ಎಂದರು.

"ಎಲ್ಲಾರೂ ಬಡವ್ರ ಅದಾರಲ್ರಿ ಸರ್," ಎಂದೆ.

"ಅವ್ರೊಳಗ ಜಾಸ್ತಿ ಬಡವ್ರು ಇರ್ತಾರಲ್ರಿ. ನೀವು ಹೆಂಗೂ ಕೊಡೋ ದೇಶಕ್ಕ ಹೊಂಟೀರಿ. ಅವ್ರು ತಮ್ಮ ಮಕ್ಕಳನ್ನ ಹೆಂಗ ಆರಿಸ್ತಾರ ನೋಡ್ಕೊಂಡು ಬರ್ರಿ. ಬಂದ ಮ್ಯಾಲೆ ಪಟ್ಟಿ ಕೊಡೂವಂತ್ರಿ."

ಆರು ವಾರ ತಪ್ಪಿಸಿಕೊಂಡೆನೆಂದು ಸಮಾಧಾನವಾಯಿತು. ಆದರೂ ಆ ದಿನ ಸಾಲಿನ ಮುಂದೆ ನಿಂತಾಗ ಕಣ್ಣು ತಾನಾಗಿ ಮಕ್ಕಳನ್ನು ಎರಡು ಭಾಗ ಮಾಡತೊಡಗಿತು. ಅಂಗಿ ಹರಿದಿದೆ, ಅಂಗಿ ಹರಿದಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಹುಸೇನ್‌ಬಿ ಆ ನುಚ್ಚಿನ ಚೀಲದ ಬಟ್ಟೆಯಲ್ಲೇ ನನಗೊಂದು ಕೈಚೀಲ ಹೊಲಿದು ತಂದಳು. ಕೈಗಳ ಚಿತ್ರ ಸರಿಯಾಗಿ ನಡುವೆ ಬರುವಂತೆ ಕತ್ತರಿಸಿದ್ದಳು.

"ಅಕ್ಕೋರೆ, ಒಂದು ಕೇಳ್ಕೊಂಡು ಬರ್ರಿ. ಈ ಎರಡು ಕೈಯಾಗ ನಮ್ದು ಯಾವುದು?"

ನಾನು ಕನ್ನಡಕ ಹಾಕಿ ನೋಡಿದೆ. ಎರಡೂ ಒಂದೇ ಥರ ಇದ್ದವು.

ಬಳ್ಳಾರಿ, ಗಾಂಧಿನಗರ

ಗಾಂಧಿನಗರದ ನನ್ನ ತಂಗಿಗೆ ಪರದೇಶವೆಂದರೆ ಚಳಿ. ಆಕೆಯ ಗಂಡ ವಕೀಲರು. ಮನೆಯಲ್ಲಿದ್ದ ದಪ್ಪ ಬಟ್ಟೆಯೆಂದರೆ ಅವರ ಕರೀ ಕೋಟು ಒಂದೇ. ಇಳಕಲ್ ಸೀರೆಯ ಮೇಲೆ ಅದನ್ನೇ ತೊಡಿಸಿದಳು. ಜೊತೆಗೆ ಒಣಗಿಸಿದ ಕಟಕ್ ರೊಟ್ಟಿಯ ಎರಡು ಕಟ್ಟು, ಶೇಂಗಾ ಚಟ್ನಿಪುಡಿ. ಅಮೆರಿಕದಲ್ಲಿ ಇಳಿದಾಗ ಕಸ್ಟಮ್ಸಿನವನು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ, ಕೊನೆಗೆ ಮುರಿದ. ಇದು ಊಟ ಎಂದು ಮೂರು ಸಲ ಹೇಳಿದೆ. ಅವನು ನನ್ನ ಕೋಟು ನೋಡಿ, ನೀವು ಲಾಯರಾ ಎಂದು ಕೇಳಿದ. ಉಪ್ಪಿಟ್ಟಿಗಾಗಿ ಬಂದಿದ್ದೇನೆ ಎಂದು ಅವನಿಗೆ ಹೇಗೆ ಹೇಳುವುದು?

ಕಾನ್ಸಾಸ್, ಮೊದಲ ವಾರ

ಊರಿನ ಹೆಸರು ಬರೆಯುವುದಿಲ್ಲ. ಸಣ್ಣ ಊರು, ಒಳ್ಳೆಯ ಜನ, ನನ್ನಿಂದ ಅವರಿಗೆ ಕೆಟ್ಟ ಹೆಸರು ಬೇಡ. ಕುರುಗೋಡಿನಲ್ಲಿ ಎತ್ತ ತಿರುಗಿದರೂ ಒಂದು ಬಂಡೆಗುಡ್ಡ ಅಡ್ಡ ಬರುತ್ತದೆ. ಅಲ್ಲಿ ಕಣ್ಣು ಹಾಯಿಸಿದರೆ ಹಾಯುತ್ತಲೇ ಹೋಗುತ್ತದೆ, ನಿಲ್ಲಲು ಜಾಗವಿಲ್ಲ. ಮೊದಲೆರಡು ದಿನ ನನಗೆ ತಲೆ ಸುತ್ತಿತು.

ನಾನಿದ್ದದ್ದು ಎಡ್ನಾ ಎಂಬ ಶಿಕ್ಷಕಿಯ ಮನೆಯಲ್ಲಿ. ನನ್ನದೇ ವಯಸ್ಸು. ಪ್ರತಿಯೊಂದನ್ನೂ ಎರಡು ಸಲ ವಿವರಿಸುವ ಅಭ್ಯಾಸ, ನನ್ನ ಹಾಗೆಯೇ. ಈ ಶಾಲೆ ಯಾವ ಸರ್ಕಾರದ್ದು ಎಂದು ಕೇಳಿದೆ. ಆಕೆ ಹಾಳೆ ತೆಗೆದು ಬರೆಯತೊಡಗಿದಳು. ಸ್ವಲ್ಪ ಹಣ ಊರಿನ ಮನೆಗಳ ಕಂದಾಯದಿಂದ, ಸ್ವಲ್ಪ ರಾಜ್ಯದಿಂದ, ಸ್ವಲ್ಪ ರಾಜಧಾನಿಯಿಂದ. ಊಟದ್ದು ಮಾತ್ರ ಬೇರೆ, ಅದು ಕೃಷಿ ಇಲಾಖೆಯದು.

"ಮಕ್ಕಳ ಊಟ ಕೃಷಿ ಇಲಾಖೆಗೆ ಯಾಕೆ?" ಎಂದೆ.

"ರೈತರು ಬೆಳೆದದ್ದು ಮಿಕ್ಕುತ್ತದಲ್ಲ," ಎಂದಳು ಎಡ್ನಾ.

ನಾನು ತಲೆಯಾಡಿಸಿದೆ. ಏನೂ ತಿಳಿದಿರಲಿಲ್ಲ. ಮರುದಿನ ಊರಿನ ಎರಡು ಶಾಲೆಗಳನ್ನು ತೋರಿಸಿದಳು. ಬಡಗಣದ ಶಾಲೆಯಲ್ಲಿ ನೆಲಕ್ಕೆ ಕಂಬಳಿಯಂಥದ್ದು ಹಾಸಿದ್ದರು. ರೈಲುಹಳಿಯ ಆಚೆ, ಎಡ್ನಾ ಪಾಠ ಹೇಳುತ್ತಿದ್ದ ಶಾಲೆಯಲ್ಲಿ, ಮಾಡು ಸೋರಿ ಗೋಡೆ ಹಳದಿಯಾಗಿತ್ತು. ಬಡಗಣ ಕಡೆಯ ಮನೆಗಳು ದೊಡ್ಡವು, ಕಂದಾಯ ಹೆಚ್ಚು, ಅದಕ್ಕೆ ಶಾಲೆ ಹಾಗೆ ಎಂದಳು. ಅಂದರೆ ಉಳ್ಳವರ ಮಕ್ಕಳಿಗೆ ಉಳ್ಳ ಶಾಲೆ, ಅದೂ ಸರ್ಕಾರದ್ದೇ. ನಮ್ಮ ಸರ್ಕಾರ ಹಾಗಲ್ಲ, ಎಲ್ಲ ಶಾಲೆಗೂ ಒಂದೇ ಸಮನೆ ಸೋರುವ ಮಾಡು ಕೊಡುತ್ತದೆ. ಯಾವುದು ಹೆಚ್ಚು ನ್ಯಾಯ ಎಂದು ಆ ವಾರವೆಲ್ಲ ಯೋಚಿಸಿದೆ. ಬಗೆಹರಿಯಲಿಲ್ಲ.

ಆದರೆ ಸಾಹೇಬರು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ತಂದೆ-ತಾಯಿ ತಮ್ಮ ಸಂಪಾದನೆ ಬರೆದು ಕೊಡುತ್ತಾರೆ. ಕಡಿಮೆಯಿದ್ದವರ ಮಕ್ಕಳಿಗೆ ನೀಲಿ ಚೀಟಿ, ಊಟ ಬಿಟ್ಟಿ. ಉಳಿದವರು ದುಡ್ಡು ಕೊಟ್ಟು ಹಳದಿ ಚೀಟಿ ಕೊಳ್ಳುತ್ತಾರೆ. ತಟ್ಟೆ ಎರಡಕ್ಕೂ ಒಂದೇ. ಎಷ್ಟು ಅಚ್ಚುಕಟ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕೆಳಗೆ ಗೆರೆಯನ್ನೂ ಎಳೆದೆ.

ಒಂದು ಮಂಗಳವಾರ, ಊಟದ ಹಾಲ್

ಮೊದಲ ದಿನಗಳ ಮಧ್ಯಾಹ್ನ ರೊಟ್ಟಿ ಚೂರು, ಚಟ್ನಿಪುಡಿಯಲ್ಲಿ ಕಳೆಯಿತು. ಚೂರು ಮುಗಿದ ದಿನ ಊಟದ ಹಾಲಿಗೆ ಹೋದೆ. ಕೈ ತೊಳೆದು, ಉದ್ದದ ಮೇಜಿನ ಒಂದು ತುದಿಗೆ ಕೂತು, ಕಾದೆ.

ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಶಿಕ್ಷಕರೂ ನಿಂತಿದ್ದರು. ನನಗದು ಕಾಣಲಿಲ್ಲವೆಂದಲ್ಲ. ಅಡಿಗೆಮನೆಯ ಬಾಗಿಲಿಗೆ ತಟ್ಟೆ ಹಿಡಿದು ಯಾರು ನಿಲ್ಲುತ್ತಾರೆಂದು ನಮ್ಮ ಕಡೆಯವರಿಗೆ ಗೊತ್ತು. ಬಂದ ಅತಿಥಿಯನ್ನು ಹಾಗೆ ನಿಲ್ಲಿಸುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಕೂತವರಿಗೆ ಯಾರಾದರೂ ಬಡಿಸುತ್ತಾರೆ ಎಂದು ಬೆನ್ನು ನೆಟ್ಟಗೆ ಮಾಡಿ, ಕೋಟಿನ ಗುಂಡಿ ಹಾಕಿ ಕೂತೇ ಇದ್ದೆ.

ಮೇಜಿನ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗಿಯೂ ತಟ್ಟೆಯಿಲ್ಲದೆ ಕೂತಿದ್ದಳು. ಒಂಬತ್ತು ವರ್ಷವಿರಬಹುದು, ಹೆಸರು ಕ್ಯಾರಲ್ ಎಂದು ಆಮೇಲೆ ತಿಳಿಯಿತು. ಈ ಊರಲ್ಲಿ ಒಬ್ಬಳಾದರೂ ಮರ್ಯಾದೆ ಕಲಿತವಳಿದ್ದಾಳೆ ಎಂದುಕೊಂಡೆ.

"ನಿನಗೂ ಇನ್ನೂ ಬಡಿಸಿಲ್ಲವಾ?" ಎಂದೆ.

"ನನಗೆ ಹಸಿವಿಲ್ಲ," ಎಂದಳು. ಕಣ್ಣು ಮಾತ್ರ ಪಕ್ಕದವರ ಬ್ರೆಡ್ಡಿನ ಮೇಲಿತ್ತು.

ಆಗ ಕೌಂಟರಿನ ಹಿಂದಿನಿಂದ ಅಡಿಗೆಯಾಕೆ ವಿಲ್ಮಾ ಕೈ ಒರೆಸಿಕೊಳ್ಳುತ್ತ ಬಂದಳು. ಆಕೆಯ ಇಂಗ್ಲಿಷು ಪುಸ್ತಕದ್ದಲ್ಲ, ಹೊಲದ್ದು. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಿನಂತೆಯೇ ಬಿತ್ತು, ಹಾಗೆಯೇ ಬರೆಯುತ್ತೇನೆ, ನಗಬೇಡಿ.

"ಯಾಕ್ರಿ, ನಮ್ಮ ಅಡಿಗಿ ಸೇರಂಗಿಲ್ಲೇನು?"

"ಬಡಿಸಲಿ ಎಂದು ಕಾಯುತ್ತಿದ್ದೆ," ಎಂದೆ.

ವಿಲ್ಮಾ ನನ್ನನ್ನು ನೋಡಿದಳು. ಆಮೇಲೆ ಆ ಹುಡುಗಿಯನ್ನು ನೋಡಿದಳು. ಒಳಗೆ ಹೋಗಿ ಎರಡು ತಟ್ಟೆ ತಂದು, ಒಂದನ್ನು ನನ್ನ ಮುಂದೆ, ಇನ್ನೊಂದನ್ನು ಕ್ಯಾರಲ್ ಮುಂದೆ ಇಟ್ಟಳು.

"ಬಂದವ್ರು ಒಬ್ಬರ ಉಣಬಾರದು. ಅವ್ರ ಜೋಡಿ ಉಣ್ಣವ್ವ," ಎಂದು ಹುಡುಗಿಗೆ ಹೇಳಿದಳು.

ಕ್ಯಾರಲ್ ಒಂದು ಕ್ಷಣ ತಟ್ಟೆ ನೋಡಿದಳು. ಆಮೇಲೆ ಗಬಗಬ ಉಣ್ಣತೊಡಗಿದಳು. ನನ್ನ ತಟ್ಟೆಯಲ್ಲಿದ್ದ ಮಾಂಸದ ತುಂಡನ್ನು ನಾನು ಹಾವು ಕಂಡವಳಂತೆ ನೋಡುತ್ತಿದ್ದುದನ್ನು ಗಮನಿಸಿ, ಕೇಳದೆಯೇ ಫೋರ್ಕಿನಿಂದ ಎತ್ತಿಕೊಂಡು, ತನ್ನ ಮೆಕ್ಕೆಜೋಳವನ್ನು ನನ್ನ ಕಡೆ ತಳ್ಳಿದಳು.

ಆಮೇಲಿನ ಮಧ್ಯಾಹ್ನಗಳು

ಊಟವಾದ ಮೇಲೆ ವಿಲ್ಮಾ ನನ್ನನ್ನು ಪಾತ್ರೆ ತೊಳೆಯುವ ಕೋಣೆಗೆ ಕರೆದಳು. ಹುಡುಗಿಯ ಅಪ್ಪನ ಕೆಲಸ ಹೋದ ಮೇಲೆ ಆಕೆಗೆ ನೀಲಿ ಚೀಟಿ ಬಂದಿತ್ತು. ಸಾಲಿನಲ್ಲಿ ಹಿಂದೆ ನಿಂತ ಮಕ್ಕಳು ಚೀಟಿ ನೋಡಿ ಏನೋ ಅಂದಿದ್ದರು. ಅಂದಿನಿಂದ ಆಕೆ ಸಾಲಿಗೆ ಬಂದಿಲ್ಲ.

"ಚೀಟಿ ಕೈಯಾಗ ಹಿಡಿದು ಬಂದ್ರಷ್ಟ ತಟ್ಟಿ. ಹಂಗ ರೂಲು. ನಾ ತಗೊಂಡು ಹೋಗಿ ಕೊಟ್ರ ನನ್ನ ಕೆಲಸಕ್ಕ ಕುತ್ತು," ಎಂದಳು ವಿಲ್ಮಾ.

"ಇವತ್ತು ಕೊಟ್ಟಿರಲ್ಲ."

"ಇವತ್ತು ನಾ ಎರಡೂ ತಟ್ಟಿ ಕೊಟ್ಟಿದ್ದು ನಿಮಗ. ನೀವು ಪರದೇಶದವ್ರು, ನಿಮಗೇನೂ ತಿಳಿಯಂಗಿಲ್ಲ." ಆಕೆ ಬಾಗಿಲು ನೋಡಿ ದನಿ ತಗ್ಗಿಸಿದಳು. "ನಾಳೆನೂ ನಿಮಗ ತಿಳೀಬಾರದು."

ಹೀಗೆ ನನ್ನ ದಡ್ಡತನ ಶುರುವಾಯಿತು. ಇಪ್ಪತ್ತೈದು ವರ್ಷ ಮಕ್ಕಳನ್ನು ದಡ್ಡ ಎಂದು ಬೈದವಳು ನಾನು. ಪ್ರತಿ ಮಧ್ಯಾಹ್ನ ಕ್ಯಾರಲ್ ಎದುರು ಕೂತು, ಯಾರೂ ಬಡಿಸಲಿಲ್ಲವಲ್ಲ ಎಂಬಂತೆ ಸುತ್ತ ನೋಡುತ್ತಿದ್ದೆ. ವಿಲ್ಮಾ ಎಲ್ಲರಿಗೂ ಕೇಳುವಂತೆ ನಿಟ್ಟುಸಿರು ಬಿಟ್ಟು ಎರಡು ತಟ್ಟೆ ತರುತ್ತಿದ್ದಳು. ಎಡ್ನಾಗೆ ನಾನು ಹೇಳಲಿಲ್ಲ, ಆಕೆ ರೂಲಿಗೆ ನಿಷ್ಠಳು. ಪಾಪ, ನನ್ನನ್ನು ಸಾಲಿನವರೆಗೆ ಕೈ ಹಿಡಿದು ನಡೆಸಿ, ತಟ್ಟೆ ಎತ್ತುವುದನ್ನು ಎರಡೆರಡು ಸಲ ಮಾಡಿ ತೋರಿಸಿದಳು. ನಾನು ಹೂಂ ಎಂದು, ಮರುದಿನ ಮತ್ತೆ ಹೋಗಿ ಕೂತೆ. ಭಾರತದಲ್ಲಿ ಇಂಥವರನ್ನು ಶಾಲೆಗೆ ಮುಖ್ಯಸ್ಥೆ ಮಾಡುತ್ತಾರಾ ಎಂದು ಒಬ್ಬ ಶಿಕ್ಷಕ ಕೇಳಿದ್ದು ನನ್ನ ಕಿವಿಗೆ ಬಿತ್ತು. ಮುಖ ಕೆಂಪಾಯಿತು. ಆದರೂ ಕೂತೆ.

ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟು ಎಂದು ಬರೆದದ್ದನ್ನು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ. ನೀಲಿ ಚೀಟಿ ಇಲ್ಲದಿದ್ದರೆ ಆ ಮಗುವಿಗೆ ಊಟವೇ ಇಲ್ಲ. ಇದ್ದರೆ ಉಣ್ಣಲಾರಳು. ಇದರಲ್ಲಿ ತಪ್ಪು ಯಾರದೆಂದು ಹೇಗೆ ಹೇಳುವುದು? ಚೀಟಿ ಮಾಡಿದವರೂ ಮಗು ಉಣ್ಣಲೆಂದೇ ಮಾಡಿದ್ದಲ್ಲವೇ?

ಭಾನುವಾರ, ಗೋಧಿಯ ಕಣಜ

ಎಡ್ನಾಳ ತಮ್ಮ ರೈತ, ಮಾತು ವಿಲ್ಮಾಳ ಹಾಗೆಯೇ. ಒಂದು ಭಾನುವಾರ ನನ್ನನ್ನು ಗೋಧಿ ತುಂಬುವ ಕಣಜ ನೋಡಲು ಕರೆದೊಯ್ದ. ನಮ್ಮ ಗುಡ್ಡದಷ್ಟು ಎತ್ತರದ ಬಿಳಿ ಗೋಪುರಗಳು. ಸಿರುಗುಪ್ಪ ನನ್ನ ತವರು, ಕಾಲುವೆ ಬಂದ ಮೇಲೆ ಅಲ್ಲಿನ ಭತ್ತದ ರಾಶಿ ಕಂಡವಳು ನಾನು. ಇದರ ಮುಂದೆ ಆ ರಾಶಿ ಹಿಡಿಯಷ್ಟು.

ಹುಸೇನ್‌ಬಿಯ ಚೀಲ ತೋರಿಸಿ, ಇದರಲ್ಲಿ ಬರುವ ನುಚ್ಚು ನಿಮ್ಮದೇನಾ ಎಂದೆ.

"ಗೋಧಿ ನಮ್ಮದಿರಬೇಕು. ಇಂಥ ನುಚ್ಚು ನಾವು ತಿನ್ನಂಗಿಲ್ಲ. ಕಳಿಸಾಕಷ್ಟ ಮಾಡ್ತಾರ," ಎಂದ. "ಸರ್ಕಾರ ಕೊಳ್ಳದಿದ್ರ ನಮ್ಮ ರೇಟು ಬಿದ್ದು ಹೋಗ್ತೈತಿ. ನಿಮ್ಮ ಕಡೆ ಏನೂ ಬೆಳೆಯಂಗಿಲ್ಲೇನು?"

"ಬೆಳೆಯುತ್ತದೆ. ನಮ್ಮ ಪಕ್ಕದಲ್ಲೇ ಸಿರುಗುಪ್ಪದಲ್ಲಿ ಅಕ್ಕಿ ಬೇಕಾದಷ್ಟು."

"ಮತ್ತ ಅದನ್ನ ಯಾಕ ಕೊಡಂಗಿಲ್ಲ ಮಕ್ಕಳಿಗೆ?"

ಇಪ್ಪತ್ತೈದು ವರ್ಷ ಮೇಷ್ಟರಿಕೆ ಮಾಡಿದವಳಿಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಬಸ್ಸು ಹತ್ತಿದರೆ ಒಂದು ಹೊತ್ತಿನೊಳಗೆ ತಲುಪುವ ಸಿರುಗುಪ್ಪದ ಅಕ್ಕಿ ಕುರುಗೋಡಿನ ಶಾಲೆಗೆ ಬರುವುದಿಲ್ಲ, ಸಮುದ್ರ ದಾಟಿ ಕಾನ್ಸಾಸಿನ ಗೋಧಿ ಬರುತ್ತದೆ. ಅದೂ ಇಲ್ಲಿಯ ರೇಟು ಬೀಳದಿರಲಿ ಎಂದು. ಹಾಗಾದರೆ ನನ್ನ ಮಕ್ಕಳು ಉಣ್ಣುತ್ತಿದ್ದದ್ದು ಯಾರ ಹಸಿವಿಗೆ?

ಕೊನೆಗೆ ಕೈಗಳ ಚಿತ್ರ ತೋರಿಸಿ, ಇದರಲ್ಲಿ ನಮ್ಮ ಕೈ ಯಾವುದು ಎಂದೆ. ಅವನು ಟೋಪಿ ಹಿಂದೆ ಸರಿಸಿ ಬಹಳ ಹೊತ್ತು ನೋಡಿದ.

"ಎರಡೂ ನಮ್ಮವ ಕಾಣ್ತಾವ. ಚಿತ್ರ ಬರೆದಾಂವ ಇಲ್ಲಿಯವನ ಅಲ್ಲೇನ್ರಿ," ಎಂದ. ಕುಹಕವಿರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದ್ದ.

ಕೊನೆಯ ಶುಕ್ರವಾರ

ಮರುದಿನ ಹೊರಡುವವಳಿದ್ದೆ. ಊಟದ ಹಾಲಿನಲ್ಲಿ ಕೂತಾಗ ಎದುರಿನ ಜಾಗ ಖಾಲಿ. ಕ್ಯಾರಲ್‌ಗೆ ಜ್ವರವಿರಬಹುದು ಎಂದುಕೊಂಡೆ. ಇನ್ನು ನಾನಿಲ್ಲದ ಮೇಲೆ ಈ ಮಗು ಏನು ಮಾಡೀತೆಂಬ ಚಿಂತೆ ವಾರದಿಂದ ಕೊರೆಯುತ್ತಿತ್ತು. ವಿಲ್ಮಾಳನ್ನು ಕೇಳಿದ್ದೆ. ಗೊತ್ತಿಲ್ಲ ಎಂದು ಕೈ ಆಡಿಸಿದ್ದಳು.

ಆಗ ಕಂಡಳು. ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ನೀಲಿ ಚೀಟಿ, ಎಲ್ಲರಿಗೂ ಕಾಣುವಂತೆ. ಹಿಂದಿನ ಇಬ್ಬರು ಮಕ್ಕಳು ಏನೋ ಪಿಸುಗುಟ್ಟಿದರು. ಆಕೆಯ ಕಿವಿ ಕೆಂಪಾಯಿತು, ತಿರುಗಿ ನೋಡಲಿಲ್ಲ. ವಿಲ್ಮಾ ತುಟಿ ಕಚ್ಚಿಕೊಂಡು ಎರಡು ತಟ್ಟೆ ಕೊಟ್ಟಳು. ಕ್ಯಾರಲ್ ಅವನ್ನು ಅಲುಗಾಡದಂತೆ ಹಿಡಿದು ತಂದು, ಒಂದನ್ನು ನನ್ನ ಮುಂದಿಟ್ಟಳು. ಮಾಂಸವಿಲ್ಲ, ಮೆಕ್ಕೆಜೋಳ ಎರಡು ಪಾಲು.

"ನಾಳೆಯಿಂದ ನಿಮಗೆ ವಿಲ್ಮಾ ಇರುವುದಿಲ್ಲ," ಎಂದಳು. "ನೋಡಿ, ಸುಮ್ಮನೆ ಕೂತರೆ ಯಾರೂ ತಂದುಕೊಡುವುದಿಲ್ಲ. ಎದ್ದು ಹೋಗಿ ನಿಲ್ಲಬೇಕು. ಏನೂ ಆಗುವುದಿಲ್ಲ, ನಾನು ನಿಂತೆನಲ್ಲ."

ಆ ಮಗು ನನ್ನನ್ನು ನಿಜವಾಗಿಯೂ ದಡ್ಡಿ ಎಂದೇ ತಿಳಿದಿತ್ತು. ನನಗೆ ಕಲಿಸಲೆಂದು ನಾಚಿಕೆ ಬಿಟ್ಟು ಎದ್ದು ನಿಂತಿತ್ತು. ನನ್ನ ಕಣ್ಣಿಂದ ನೀರು ಇಳಿದು ಮೆಕ್ಕೆಜೋಳದ ಮೇಲೆ ಬಿತ್ತು. ನಾನು ಆಕೆಯನ್ನು ಕಾಪಾಡಿದೆನೋ, ಆಕೆ ನನ್ನನ್ನೋ, ಅಥವಾ ಇಬ್ಬರೂ ಸೇರಿ ವಿಲ್ಮಾಳಿಗೆ ತೊಂದರೆ ಕೊಟ್ಟೆವೋ, ಇವತ್ತಿಗೂ ಗೊತ್ತಾಗಿಲ್ಲ.

ಮತ್ತೆ ಕುರುಗೋಡು

ಬಂದ ಮರುದಿನವೇ ಶಾಲೆಗೆ ಹೋದೆ. ಒಲೆಯ ಪಕ್ಕ ಕೂತು ಹುಸೇನ್‌ಬಿಗೆ ಕ್ಯಾರಲ್ ಕತೆಯನ್ನೆಲ್ಲ ಹೇಳಿದೆ. ಆಕೆ ಒಗ್ಗರಣೆ ಕಲಕುತ್ತ ಕೇಳಿದಳು.

ಮಕ್ಕಳು ಸಾಲು ಕೂರುವ ಹೊತ್ತಿಗೆ ಸಾಹೇಬರ ಮೋಟಾರ್ ಸೈಕಲ್ ಬಂತು.

"ಬಂದ್ರಿ? ಏನ್ ಮಾಡ್ತಾರ್ರಿ ಅಲ್ಲಿ?" ಎಂದರು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ್ದೆ. ಅವರು ಕೇಳಿದೊಡನೆ ಎಲ್ಲ ಮರೆತು, ಎರಡು ಬಣ್ಣದ ಚೀಟಿ ಕೊಡುತ್ತಾರೆ ಎಂದುಬಿಟ್ಟೆ. ಸಾಹೇಬರ ಮುಖ ಅರಳಿತು.

"ಛಲೋ ಐತಲ್ರಿ. ನಾವೂ ಹಂಗ ಮಾಡೂಣು."

ನನ್ನ ನಾಲಿಗೆಯನ್ನು ಕಚ್ಚಿಕೊಳ್ಳುವಂತಾಯಿತು. ಅಲ್ಲ ಸರ್, ಆ ಹುಡುಗಿ ಎಂದು ಶುರು ಮಾಡಿದೆ. ಅಷ್ಟರಲ್ಲಿ ಹುಸೇನ್‌ಬಿ ಅವರಿಗೊಂದು ತಟ್ಟೆ ತಂದು ಸಾಲಿನ ಕೊನೆಗೆ ಇಟ್ಟಳು. ಉಣ್ಣುವ ಹೊತ್ತಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ. ಸಾಹೇಬರು ಚಕ್ಕಳಮಕ್ಕಳ ಹಾಕಿ ಕೂತರು. ಅವರ ಪಕ್ಕ ನಾನೂ ಕೂತೆ.

ಹುಸೇನ್‌ಬಿ ಮೊದಲ ತಟ್ಟೆಯಿಂದ ಬಡಿಸುತ್ತ ಬಂದಳು. ಸರಿಯಾಗಿ ಸಾಲಿನ ನಡುವೆ, ಬಡಿಗೇರ ಮನೆಯ ಹುಡುಗಿಯ ತಟ್ಟೆಯ ಮುಂದೆ, ಸೌಟು ಎತ್ತಿ ಹಿಡಿದು ನಿಂತಳು.

"ಸಾಹೇಬ್ರ, ಅರ್ಧ ಸಾಲು ಮುಗೀತ್ರಿ. ಇಲ್ಲಿಗೆ ನಿಂದ್ರಿಸಲೇನ್ರಿ?"

ಬಿಸಿ ಉಪ್ಪಿಟ್ಟು ಬಿದ್ದ ತಟ್ಟೆಯ ಮಕ್ಕಳು ಕೈ ಕಟ್ಟಿ ಕೂತಿದ್ದರು, ಬೀಳದ ತಟ್ಟೆಯ ಮಕ್ಕಳೂ ಕೂತಿದ್ದರು. ಯಾರೂ ಕೈ ಹಚ್ಚಲಿಲ್ಲ. ಸಾಹೇಬರು ತಮ್ಮ ಖಾಲಿ ತಟ್ಟೆ ನೋಡಿದರು, ಅದರ ಪಕ್ಕದ ತಟ್ಟೆ ನೋಡಿದರು. ಕಾನ್ಸಾಸಿನ ಆ ಮೇಜಿನಲ್ಲಿ ನಾನು ಹೇಗೆ ಕೂತಿದ್ದೆನೋ ಹಾಗೆಯೇ ಕೂತಿದ್ದರು.

"ಹಾಕವ್ವ," ಎಂದರು ಕೊನೆಗೆ. "ಎಲ್ಲಾರಿಗೂ ಹಾಕು."

ಹೊರಡುವಾಗ ಮೋಟಾರ್ ಸೈಕಲ್ ಒದೆಯುತ್ತ, ನನ್ನ ಮುಖ ನೋಡದೆ, ಪಟ್ಟಿ ಮುಂದಿನ ತಿಂಗಳು ಕಳಿಸ್ರಿ ಎಂದರು. ಆ ಮುಂದಿನ ತಿಂಗಳು ಬಂದಾಗಲೂ ಅದನ್ನೇ ಹೇಳಿದರು. ನಾನು ಪಟ್ಟಿ ಕಳಿಸಲಿಲ್ಲ. ನುಚ್ಚು ಮಾತ್ರ ಅರ್ಧವೇ ಬಂತು. ಅರ್ಧ ಮಕ್ಕಳಿಗೆ ಹೊಟ್ಟೆ ತುಂಬ ಕೊಡುವುದು ಸರಿಯೋ, ಎಲ್ಲರಿಗೂ ಅರ್ಧ ಹೊಟ್ಟೆ ಕೊಡುವುದು ಸರಿಯೋ ಎಂದು ನನ್ನನ್ನು ಕೇಳಬೇಡಿ. ಎರಡು ದೇಶ ನೋಡಿ ಬಂದರೂ ನನಗದು ತಿಳಿದಿಲ್ಲ.

ಆ ಮೊದಲ ದಿನ ಮಕ್ಕಳು ತಟ್ಟೆ ತೊಳೆಯಲು ಹೋದ ಮೇಲೆ ಹುಸೇನ್‌ಬಿ ಕೇಳಿದಳು.

"ಕೇಳಿದ್ರೇನ್ರಿ ಅಕ್ಕೋರೆ? ಚೀಲದ ಮ್ಯಾಲೆ ನಮ್ಮ ಕೈ ಯಾವುದಂತ?"

"ಎರಡೂ ಅವರವ ಅಂತ ಹುಸೇನ್‌ಬಿ."

ಆಕೆ ತಲೆಯಾಡಿಸಿದಳು. ಬೇಸರವೇನೂ ಕಾಣಲಿಲ್ಲ. ಮರುದಿನದಿಂದ ಒಲೆಯ ಮೇಲೆ ಅರ್ಧ ನುಚ್ಚಿಗೆ ಎಸರಿಡುವಾಗ ಆಕೆಯ ಎಡಗೈ ಒಂದು ಗಳಿಗೆ ನೀರಿನ ಕೊಡದ ಮೇಲೆ ನಿಲ್ಲುತ್ತಿತ್ತು. ಆಮೇಲೆ, "ನಮ್ಮ ಕೈ ಇಲ್ಲಿ ಐತಿ ಬಿಡ್ರಿ," ಎಂದು ಇನ್ನೊಂದು ಚರಿಗೆ ನೀರು ಹಾಕುತ್ತಿದ್ದಳು.